ಐಹೊಳಿ ಗುಡ್ಡಕ್ಕ ಬರೋರು ಓದ್ರಿ

ಎಲ್ಲಾರಿಗೂ ನಮಸ್ಕಾರ್ರೀ, ರವಿವಾರ ಮುಂಜಾನೆ 7ಕ್ಕ ಬಾಗಲಕೋಟಿ ಬಸ್‌ಸ್ಟ್ಯಾಂಡಿಗೆ ಬರ್ರಿ, ಐಹೊಳಿ ಮೇಗುತಿ ಗುಡ್ಡ ಹತ್ತೋದೈತಿ. ಮ್ಯಾಲ ಕ್ರಿ.ಶ. 634ರ ಜೈನ ಗುಡಿ, ಸ್ವಲ್ಪ ಕೆಳಗ ಎರಡಂತಸ್ತಿನ ಬೌದ್ಧ ಗುಡಿ, ಊರಾಗ ಶಿವನ ಗುಡಿಗೋಳು, ಈ ಮೂರೂ ಮತದವರು ‘ಧರ್ಮ’ ಅನ್ನೋ ಒಂದ ಶಬ್ದ ಬಳಸ್ತಾರ, ಖರೆ ಅದರ ಅರ್ಥ ಬ್ಯಾರೆ ಬ್ಯಾರೆ ನೋಡ್ರಿ. ಹಿಂದೂಗಳಿಗೆ ಅದು ಜಗತ್ತನ್ನ ಹಿಡಿದು ನಿಲ್ಲಿಸೋದು, ಅವರವರ ಕರ್ತವ್ಯ. ಬೌದ್ಧರಿಗೆ ಬುದ್ಧನ ಬೋಧನೆ. ಜೈನರಿಗೆ ಅಹಿಂಸೆ, ಸಂಯಮ, ತಪಸ್ಸಂತೂ ಹೌದು, ಅದರ ಜೋಡಿ ಧರ್ಮ ಅನ್ನೋದು ಒಂದು ದ್ರವ್ಯನೂ (ಅಂದ್ರ ಜಗತ್ತಿನ ಮೂಲವಸ್ತುಗಳೊಳಗ ಒಂದು) ಹೌದು, ಮೀನಕ್ಕ ನೀರಿದ್ದಂಗ, ನೀರು ಮೀನನ್ನ ನೂಕಂಗಿಲ್ಲ ಆದ್ರ ನೀರಿಲ್ದ ಮೀನ ಈಜಾಕ ಆಗಂಗಿಲ್ಲ, ಹಂಗ ಚಲಿಸೋದಕ್ಕೆಲ್ಲ ಅದು ಆಸರ. ನನಗ ಈ ಮಾತು ಭಾಳ ಹಿಡಸೈತಿ, ಅಲ್ಲೇ ಗುಡಿ ಕಟ್ಟಿ ಮ್ಯಾಲ ಕುಂತು ಮಾತಾಡೂಣು. ನೀರಿನ ಬಾಟ್ಲಿ, ಟೊಪ್ಪಿಗಿ ಮರೀಬ್ಯಾಡ್ರಿ.