ಚಿತ್ರದ ಅಂಚು ಕತ್ತರಿಸಿ ಪ್ರದರ್ಶನ ಮಾಡುವುದೇ?

ಸಂಪಾದಕರೇ,

ಯುರೋಪಿನ ಬರೋಕ್ ಕಾಲದ (ಸುಮಾರು 17ನೇ ಶತಮಾನ) ಅಚ್ಚುಚಿತ್ರಗಳ, ಅಂದರೆ ಲೋಹದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ ಚಿತ್ರಗಳ ಪ್ರದರ್ಶನ 'ಕಣ್ಣಿಗೆ ಹಬ್ಬ' ಎಂದು ನಿಮ್ಮ ವರದಿಗಾರರು ಬರೆದಿದ್ದರು. ಅದನ್ನು ನಂಬಿ ನಿನ್ನೆ ಕೆಲಸಕ್ಕೆ ರಜೆ ಹಾಕಿ ಹೋಗಿದ್ದೆ. ಇಟ್ಟಿರುವುದು ಪ್ರತಿಗಳು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಿಕ್ಕ ಫ್ರೇಮಿಗೆ ಹೊಂದಿಸಲು ಚಿತ್ರಗಳ ಅಂಚನ್ನೇ ಕತ್ತರಿಸಿದ್ದಾರೆ!

ಇಂಥ ಚಿತ್ರಗಳಲ್ಲಿ ಅರ್ಧ ಮಾತು ಇರುವುದೇ ಅಂಚಿನಲ್ಲಿ. ಯೇಸುವನ್ನು ಶಿಲುಬೆಗೇರಿಸಿದ ಚಿತ್ರವನ್ನೇ ನೋಡಿ. ಶಿಲುಬೆಯ ಬುಡದಲ್ಲಿರುವ ತಲೆಬುರುಡೆ ಬೈಬಲ್ ಹೇಳುವ ಮೊದಲ ಮನುಷ್ಯ ಆದಾಮನದು. ಅವನನ್ನು ಹೂಳಿದ ಜಾಗದಲ್ಲೇ ಯೇಸುವನ್ನು ಶಿಲುಬೆಗೆ ಏರಿಸಿದರು ಎಂಬುದು ಹಳೆಯ ನಂಬಿಕೆ. ಮೊದಲ ಮನುಷ್ಯನ ಪಾಪವನ್ನು ಯೇಸುವಿನ ರಕ್ತ ತೊಳೆಯುತ್ತದೆ ಎಂದು ಆ ಬುರುಡೆಯೇ ಹೇಳಬೇಕು. ಇಲ್ಲಿ ಅದು ಅರ್ಧ ಮಾಯವಾಗಿದೆ. ಉಳಿದರ್ಧಕ್ಕೆ 'ಸಾವಿನ ಭಯ' ಎಂದು ಚೀಟಿ ಅಂಟಿಸಿದ್ದಾರೆ. ವೀರಗಲ್ಲಿನಿಂದ ಸೂರ್ಯಚಂದ್ರರನ್ನು ಕೆತ್ತಿ ತೆಗೆದರೆ ನಾವು ಸುಮ್ನೆ ಇರುತ್ತೇವಾ?

ಡಚ್ ಕಲಾವಿದ ರೆಂಬ್ರಾಂಟ್ 1648ರ ಸುಮಾರಿಗೆ ಮಾಡಿದ 'ನೂರು ಗಿಲ್ಡರ್ ಚಿತ್ರ'ದ (ಗಿಲ್ಡರ್ ಅಂದರೆ ಡಚ್ಚರ ಹಳೆಯ ನಾಣ್ಯ) ಗತಿಯೂ ಇದೇ. ಎಡಗಡೆ ಶ್ರೀಮಂತ ಯುವಕನೊಬ್ಬ ಬಾಯಿಗೆ ಕೈ ಇಟ್ಟು ಯೋಚಿಸುತ್ತಾ ಕೂತಿದ್ದಾನೆ. ಬಲ ತುದಿಯ ಬಾಗಿಲಲ್ಲಿ ಒಂಟೆ ಇರಬೇಕಿತ್ತು. ಶ್ರೀಮಂತ ಸ್ವರ್ಗ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭ ಅಂತ ಮತ್ತಾಯನ ಸುವಾರ್ತೆಯಲ್ಲಿದೆ ಅಲ್ವಾ, ಅದೇ ಒಂಟೆ. ಅದನ್ನು ಕತ್ತರಿಸಿದ ಮೇಲೆ ಯುವಕ ಯಾಕೆ ಕೂತಿದ್ದಾನೆ ಅಂತ ನೋಡುವವರಿಗೆ ಹೇಗೆ ತಿಳಿಯಬೇಕು?

ಹೊಟ್ಟೆ ಉರಿದದ್ದು ಫ್ರಾನ್ಸಿನ ಕೆತ್ತನೆಗಾರ ಕ್ಲೋದ್ ಮೆಲ್ಲಾನ್ ಅವರ 1649ರ ಕೆತ್ತನೆ ನೋಡಿ. ಶಿಲುಬೆ ಹೊತ್ತು ನಡೆಯುತ್ತಿದ್ದ ಯೇಸುವಿನ ಮುಖವನ್ನು ವೆರೋನಿಕಾ ಎಂಬಾಕೆ ಒರೆಸಿದಾಗ ಬಟ್ಟೆಯ ಮೇಲೆ ಮೂಡಿತೆಂದು ನಂಬುವ ಮುಖ ಅದು. ಮೂಗಿನ ತುದಿಯಿಂದ ಹೊರಟ ಒಂದೇ ಗೆರೆ ಸುತ್ತುತ್ತಾ ಹೋಗಿ, ದಪ್ಪವಾದಲ್ಲಿ ನೆರಳು, ತೆಳುವಾದಲ್ಲಿ ಬೆಳಕು. ಕಣ್ಣು, ಮುಳ್ಳಿನ ಕಿರೀಟ, ರಕ್ತದ ಹನಿ ಎಲ್ಲ ಆ ಒಂದೇ ಗೆರೆಯಲ್ಲಿ. ಒಬ್ಬನೇ ಆದವನು ಒಂದೇ ಗೆರೆಯಿಂದ ಮೂಡಿದ ಎಂದು ಕೆಳಗೆ ಲ್ಯಾಟಿನ್ ಸಾಲಿತ್ತು. ಆ ಸಾಲೇ ಇಲ್ಲ!

ಕೇಳೋಣವೆಂದರೆ ವಿವರಿಸುವವರಿಲ್ಲ. ಕೈಪಿಡಿ ಬರೀ ಇಂಗ್ಲಿಷಿನಲ್ಲಿ. ಲಿಫ್ಟ್ ಕೆಟ್ಟಿದೆ, ಮಂಡಿನೋವಿನ ನನ್ನ ತಾಯಿ ಕೆಳಗೇ ಕೂರಬೇಕಾಯಿತು. ಉದ್ಘಾಟನೆಗೆ ಬಂದ ಅಧಿಕಾರಿಗಳು ಫೋಟೋ ತೆಗೆಸಿಕೊಂಡು ಹೋದರಂತೆ. ಹಿಂದೆ ಶಾಸನದ ಕಲ್ಲಿಗೆ ಬಣ್ಣ ಬಳಿದಾಗಲೂ ಇವರು ಬಂದು ನೋಡಲಿಲ್ಲ. ಪತ್ರ ಬರೆದರೆ ಉತ್ತರವೂ ಇಲ್ಲ.

ಚಿತ್ರಗಳನ್ನು ಪೂರ್ತಿಯಾಗಿ ತೋರಿಸಿ, ಇಲ್ಲವೇ ಪ್ರದರ್ಶನ ಮುಚ್ಚಿ. ಸಂಬಂಧಪಟ್ಟವರು ಏನಾದರೂ ಮಾಡಲಿ. ನಿಮ್ಮ ವರದಿಗಾರರೂ ಇನ್ನು ಮೇಲೆ ಒಳಗೆ ಹೋಗಿ, ನೋಡಿ ಬರೆಯಲಿ.

– ಒಬ್ಬ ಓದುಗ, ಬೆಂಗಳೂರು