ತೊಳೆಯುವ ಮುನ್ನ ನೋಡಿ: ಟ್ರ್ಯಾಕ್ಟರ್ ಎಂಜಿನ್ ಬಿಚ್ಚುವ ಹೊಸಬರಿಗೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ತರಬೇತಿಯ ಹುಡುಗರು ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಹರವಿದ ಚಿತ್ರ ಬಂದಿತ್ತು. ಹುಡುಗರ ಹುರುಪಿನ ಬಗ್ಗೆ ಎರಡು ಮಾತಿಲ್ಲ. ಆದರೆ ಬೇರಿಂಗ್, ಪುಶ್ ರಾಡ್, ವಾಲ್ವ್ ಎಲ್ಲವೂ ಸೀಮೆಎಣ್ಣೆಯಲ್ಲಿ ಮಿಂದು ಒಂದೇ ಪರಾತದಲ್ಲಿ ಥಳಥಳ ಹೊಳೆಯುತ್ತಿದ್ದವು. ಯಾವುದು ಎಷ್ಟನೇ ಸಿಲಿಂಡರಿನದು ಎಂದು ಇನ್ನು ಬ್ರಹ್ಮನೂ ಹೇಳಲಾರ. ಎಂಜಿನ್ ಯಾಕೆ ಕೆಟ್ಟಿತು ಎಂಬ ಗುರುತುಗಳೂ ಆ ಸೀಮೆಎಣ್ಣೆಯ ಜೊತೆಗೇ ಹೋದವು. ಬಿಚ್ಚುವುದು ಎಂದರೆ ಅರ್ಧ ತನಿಖೆ. ಅದನ್ನು ಬಿಟ್ಟು ಹೊಸ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್ ಹಾಕಿದರೆ ಹಳೇ ರೋಗವೇ ಹೊಸ ಸಾಮಾನಿಗೆ ಅಂಟುತ್ತದೆ.

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಕೊಯ್ಲು ಮುಗಿದು ಕಾಲುವೆಗೆ ಮತ್ತೆ ನೀರು ಬರುವುದರೊಳಗೆ ಟ್ರ್ಯಾಕ್ಟರುಗಳು ಬೋರ್ ಕೆಲಸಕ್ಕೆ, ಅಂದರೆ ಎಂಜಿನ್ ಬಿಚ್ಚಿ ಲೈನರ್, ಪಿಸ್ಟನ್ ಬದಲಿಸುವುದಕ್ಕೆ, ಸಾಲುಗಟ್ಟುತ್ತವೆ. ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರ ಕೈಗೆ ಪಾನಾ ಬರುವುದೂ ಆ ಅವಸರದಲ್ಲೇ. ಅವರಿಗಾಗಿ ಈ ಪತ್ರ.

ಪಾನಾ ಹಿಡಿಯುವ ಮೊದಲು ಎಂಜಿನ್ ಇನ್ನೂ ಓಡುವಂತಿದ್ದರೆ ಓಡಿಸಿ ಕೇಳಿ. ನಿಧಾನ ಓಟದಲ್ಲಿ ಡೀಸೆಲ್ ಸಿಡಿಸುವ ಒಂದೊಂದೇ ನಾಜಲ್ಲಿನ ಪೈಪಿನ ನಟ್ ಸಡಿಲಿಸಿದರೆ ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸೋತ ಸಿಲಿಂಡರ್. ನಟ್ ಮೇಲೆ ಬಟ್ಟೆ ಹಾಕಿ, ಕೈ ದೂರ ಇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಓಡಬೇಕು. ಆಮೇಲೆ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಆಯಿಲ್ ಚೇಂಬರಿನ ಡ್ರೈನ್ ಬೋಲ್ಟನ್ನು ಪೂರ್ತಿ ತೆಗೆಯದೆ ನಿಧಾನಕ್ಕೆ ಸಡಿಲಿಸಿ. ಎಣ್ಣೆಗೆ ಮೊದಲು ನೀರು ತೊಟ್ಟಿಕ್ಕಿದರೆ ಲೈನರಿನ ಕೆಳಗಿನ ರಬ್ಬರ್ ರಿಂಗ್, ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು, ಈ ಮೂರರಲ್ಲಿ ಒಂದನ್ನು ಹುಡುಕಬೇಕು. ಬಿಸಿ ಎಣ್ಣೆಯನ್ನು ಬೇಗ ಇಳಿಸಿದರೆ ನೀರು ಬೆರೆತೇ ಹೋಗುತ್ತದೆ, ಗೊತ್ತಾಗುವುದಿಲ್ಲ.

ಎರಡನೆಯದು ಗಾಳಿಯ ದಾರಿ. ನಮ್ಮ ಭಾಗದ ಎಂಜಿನ್‌ಗಳನ್ನು ಕೊಲ್ಲುವುದು ಹೆಚ್ಚಾಗಿ ಧೂಳು. ಸಂಡೂರು ಕಡೆ ಅದಿರಿನ ಕೆಂಪು ಹುಡಿ, ಇತ್ತ ಭತ್ತದ ಹೊಟ್ಟು ಮತ್ತು ಮಣ್ಣು ಸಾಗಿಸುವ ಟ್ರಾಲಿಗಳ ಧೂಳು. ಮಣ್ಣಿನ ಧೂಳಿನಲ್ಲಿರುವ ಮರಳಿನ ಕಣ ಲೈನರಿನ ಬೀಡು ಕಬ್ಬಿಣಕ್ಕಿಂತ ಗಟ್ಟಿ. ಏರ್ ಕ್ಲೀನರಿನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಕಳಚಿದೊಡನೆ ಒಳಗೆ ಬಿಳಿ ಬಟ್ಟೆ ಆಡಿಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಕ್ಲೀನರಿನ ಎಣ್ಣೆ ಬತ್ತಿದೆ, ಪೈಪ್ ಸೀಳಿದೆ, ಇಲ್ಲವೇ ಕ್ಲಿಪ್ ಸಡಿಲವಾಗಿದೆ. ಕೆಲವು ನೂರು ರೂಪಾಯಿಯ ಈ ಪೈಪ್ ಬದಲಿಸದೆ ಹಾಕಿದ ಹೊಸ ಲೈನರ್ ಒಂದೆರಡು ಹಂಗಾಮಿಗೇ ಹೊಗೆ ಉಗುಳುತ್ತದೆ. ಆಗ ಬೈಗುಳ ತಿನ್ನುವುದು ಸಾಮಾನಿನ ಕಂಪನಿ.

ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚುವುದು ಎಂಜಿನ್ ತಣ್ಣಗಿರುವಾಗ ಮಾತ್ರ. ರೇಡಿಯೇಟರ್ ಅಷ್ಟೇ ಅಲ್ಲ, ಬ್ಲಾಕಿನ ನಲ್ಲಿಯಿಂದಲೂ ನೀರು ಇಳಿಸಿ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಆ ನಲ್ಲಿ ಮುಚ್ಚಿರುತ್ತದೆ, ತಂತಿ ಹಾಕಿ ಚುಚ್ಚಬೇಕು. ಬೋಲ್ಟುಗಳನ್ನು ಎರಡೂ ತುದಿಗಳಿಂದ ನಡುವಿನ ಕಡೆಗೆ, ಒಂದೊಂದಕ್ಕೆ ಕಾಲು ಸುತ್ತಿನಂತೆ ಎರಡು ಮೂರು ಸಲ ಸಡಿಲಿಸಿ. ಒಂದನ್ನೇ ಪೂರ್ತಿ ತೆಗೆದು ಇನ್ನೊಂದಕ್ಕೆ ಹೋದರೆ ಹೆಡ್ ಬಾಗುತ್ತದೆ. ಆರು ಪುಶ್ ರಾಡ್‌ಗಳಿಗೆ ರಟ್ಟಿನಲ್ಲಿ ಆರು ತೂತು ಕೊರೆದು, ರೇಡಿಯೇಟರಿನ ಕಡೆಯಿಂದ ನಂಬರ್ ಬರೆದು, ಮೇಲುಕೆಳಗಾಗದಂತೆ ಚುಚ್ಚಿಡಿ. ಹೆಡ್‌ನ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು ನೋಡಿದಾಗ 0.10 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ನುಸುಳಿದರೆ ಅದು ಲೇತ್ ಅಂಗಡಿಗೆ ಹೋಗಬೇಕು.

ಹೊಸಬರು ಇಲ್ಲೊಂದು ದೊಡ್ಡ ಎಡವಟ್ಟು ಮಾಡುತ್ತಾರೆ. ಹೆಡ್ ತೆಗೆದ ಮೇಲೆ ಪಿಸ್ಟನ್ ಮೇಲೆ ಕೆಳಗೆ ಮಾಡಲು ಕ್ರ್ಯಾಂಕ್ (ಪಿಸ್ಟನ್‌ಗಳ ಕೆಳಗಿನ ಡೊಂಕು ದಂಡ) ತಿರುಗಿಸುತ್ತಾರೆ, ಕೆಲವರು ಸೆಲ್ಫನ್ನೇ ಹೊಡೆಯುತ್ತಾರೆ. ಹೊರಮೈಗೆ ನೇರ ನೀರು ತಾಗುವ ವೆಟ್ ಲೈನರ್ ಆಗಿದ್ದರೆ ಪಿಸ್ಟನ್ ಜೊತೆ ಲೈನರೂ ಎದ್ದು, ಕೆಳಗಿನ ರಬ್ಬರ್ ರಿಂಗ್ ಕದಲುತ್ತದೆ. ಲೈನರ್ ಉಳಿಸಿಕೊಳ್ಳುವ ಕೆಲಸವಾದರೆ ಹೆಡ್ ಬೋಲ್ಟಿನ ತೂತಿಗೆ ಬೋಲ್ಟ್ ಮತ್ತು ದಪ್ಪ ವಾಷರ್ ಹಾಕಿ ಲೈನರಿನ ಮೇಲಂಚಿನ ಕಾಲರನ್ನು ಒತ್ತಿ ಹಿಡಿಸಿ, ಆಮೇಲೆ ಕೈಯಿಂದ ತಿರುಗಿಸಿ.

ಲೈನರ್ ಹೆಚ್ಚು ಸವೆಯುವುದು ಮೇಲಿನ ರಿಂಗ್ ಹೋಗಿ ನಿಲ್ಲುವ ಜಾಗದಲ್ಲಿ. ಒಳವ್ಯಾಸ ಅಳೆಯುವ ಬೋರ್ ಗೇಜ್ ಇದ್ದರೆ ಮೂರು ಎತ್ತರದಲ್ಲಿ, ಕ್ರ್ಯಾಂಕಿನ ಉದ್ದಕ್ಕೂ ಅಡ್ಡಕ್ಕೂ ಅಳೆದು ಬರೆದಿಡಿ. ಗೇಜ್ ಇಲ್ಲದಿದ್ದರೆ ಹೊಸ ರಿಂಗ್ ಒಂದೇ ಸಾಕು. ಅದನ್ನು ಲೈನರಿನಲ್ಲಿ ಇಳಿಸಿ, ಪಿಸ್ಟನ್ನಿನ ತಲೆಯಿಂದ ತಳ್ಳಿ ನೇರ ಕೂರಿಸಿ, ಬಾಯಿಯ ಸಂದನ್ನು ಫೀಲರಿನಿಂದ ಅಳೆಯಿರಿ. ತಳದ ಸವೆಯದ ಜಾಗದಲ್ಲಿ 0.45 ಮಿ.ಮೀ., ಮೇಲೆ 1.08 ಮಿ.ಮೀ. ಬಂತು ಎನ್ನಿ. ವ್ಯತ್ಯಾಸ 0.63. ಅದನ್ನು 3.14ರಿಂದ ಭಾಗಿಸಿದರೆ 0.20, ಲೈನರಿನ ವ್ಯಾಸ ಅಷ್ಟು ಸವೆದಿದೆ. 100 ಮಿ.ಮೀ. ಆಸುಪಾಸಿನ ಬೋರಿಗೆ ಸಾಮಾನ್ಯವಾಗಿ 0.20ರಿಂದ 0.25 ಬಂದರೆ ಲೈನರ್ ಬದಲಿಸುವ ಹೊತ್ತು, ಆದರೂ ಆಯಾ ಮಾದರಿಯ ಪುಸ್ತಕದ ಅಂಕಿಯೇ ಅಂತಿಮ. ಪಿಸ್ಟನ್ ಮೇಲೆ ತಳ್ಳುವ ಮೊದಲು ಲೈನರಿನ ತುದಿಯ ಕರಿ ಕೆರೆಯಿರಿ. ಬಲವಂತ ಮಾಡಿದರೆ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕೊರಕಲಿನ ಅಂಚೇ ಒಡೆಯುತ್ತದೆ. ತಳ್ಳುವುದು ಸುತ್ತಿಗೆಯ ಮರದ ಹಿಡಿಯಿಂದ.

ಎಳೆದ ಲೈನರನ್ನು ಗುಜರಿಗೆ ಎಸೆಯುವ ಮುನ್ನ ಹೊರಮೈ ನೋಡಿ. ಹುಳು ಕೊರೆದ ಕಾಳಿನಂತೆ ಒಂದೇ ಪಕ್ಕದಲ್ಲಿ ತೂತುಗಳಿದ್ದರೆ ಅದು ಬರೀ ತುಕ್ಕಲ್ಲ. ಪಿಸ್ಟನ್ ಬಡಿತಕ್ಕೆ ಲೈನರ್ ಅದುರಿ, ನೀರಿನಲ್ಲಿ ಏಳುವ ಗುಳ್ಳೆಗಳು ಒಡೆಯುತ್ತಾ ಲೋಹ ತಿಂದಿವೆ. ಬರೀ ಬೋರ್‌ವೆಲ್ ನೀರು ಹಾಕುವವರ ಗಾಡಿಯಲ್ಲಿ ಇದು ಸಾಮಾನ್ಯ, ಜೊತೆಗೆ ಸುಣ್ಣ ಕಟ್ಟಿ ಶಾಖ ಹೊರಗೆ ಹೋಗುವುದಿಲ್ಲ. ಜೋಡಿಸಿದ ಮೇಲೆ ಕೂಲಂಟ್ ಹಾಕಿಸಲೇಬೇಕು. ರೈತರಿಗೆ ಇದನ್ನು ಒಪ್ಪಿಸುವುದು ಲೈನರ್ ಎಳೆಯುವುದಕ್ಕಿಂತ ಕಷ್ಟ.

ಕ್ರ್ಯಾಂಕ್ ಇಳಿಸಬೇಕಾದರೆ ಟ್ರ್ಯಾಕ್ಟರನ್ನು ಕ್ಲಚ್ಚಿನ ಬಳಿ ಎರಡು ಭಾಗ ಮಾಡಬೇಕು. ಮುಂದಿನ ಆ್ಯಕ್ಸಲ್ ಅದರ ಪಿನ್ನಿನ ಮೇಲೆ ಆಡುತ್ತದೆ, ಹಾಗಾಗಿ ಎರಡೂ ಪಕ್ಕ ಮರದ ಬೆಣೆ ಹೊಡೆಯದೆ ಬೋಲ್ಟ್ ತೆಗೆದರೆ ಎಂಜಿನ್ ಮಗುಚಿ ಬೀಳುತ್ತದೆ. ಗೇರ್ ಬಾಕ್ಸ್ ಕೆಳಗೆ ಸ್ಟ್ಯಾಂಡ್ ಇರಲಿ, ಬರೀ ಜಾಕ್ ಬೇಡ. ಕ್ರ್ಯಾಂಕನ್ನು ಹೊತ್ತ ಮೇನ್ ಬೇರಿಂಗುಗಳ ಕ್ಯಾಪ್ ಬಿಚ್ಚುವ ಮೊದಲು ಅದನ್ನು ಹಿಂದೆ ಮುಂದೆ ಸರಿಸಿ ಆಟ ಅಳೆಯಿರಿ. ಅರ್ಧ ಮಿಲಿಮೀಟರ್ ಸಮೀಪಿಸಿದ್ದರೆ ಆ ಸರಿದಾಟ ತಡೆಯುವ ಥ್ರಸ್ಟ್ ವಾಷರ್ ಹೋಗಿದೆ. ಅದಕ್ಕೆ ಬಹುತೇಕ ಕಾರಣ ಕ್ಲಚ್ ಮೇಲೆ ಕಾಲಿಟ್ಟೇ ಗಾಡಿ ಓಡಿಸುವ ಚಾಲಕ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಜೋಡಿಯಾಗಿಯೇ ಕೊರೆದವು. ಒಂದರ ಕ್ಯಾಪ್ ಇನ್ನೊಂದಕ್ಕೆ ಕೂರಿಸಿದರೆ ತೂತು ದುಂಡಗಿರುವುದಿಲ್ಲ, ಬೇರಿಂಗ್ ಹಿಡಿಯುತ್ತದೆ. ನಂಬರ್ ಇಲ್ಲದಿದ್ದರೆ ಒಂದೇ ಪಕ್ಕಕ್ಕೆ ಪೇಂಟಿನಿಂದ ಬರೆಯಿರಿ. ಬೇರಿಂಗಿನ ಅರ್ಧ ಚಿಪ್ಪುಗಳನ್ನು ಒರೆಸದೆ ಆಯಾ ಕ್ಯಾಪಿನಲ್ಲೇ ಇಟ್ಟು ಓದಿ: ರಾಡ್‌ನ ಮೇಲಿನ ಚಿಪ್ಪು, ಮೇನ್ ಬೇರಿಂಗಿನ ಕೆಳಗಿನ ಚಿಪ್ಪು ಹೆಚ್ಚು ಸವೆಯುವುದು ಸಹಜ, ಭಾರ ಬೀಳುವುದೇ ಅಲ್ಲಿ. ಒಂದೇ ಅಂಚು ತಿಂದಿದ್ದರೆ ರಾಡ್ ಬಾಗಿರಬಹುದು ಅಥವಾ ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಓರೆಯಾಗಿದೆ. ಸುತ್ತ ಸಣ್ಣ ಗೆರೆಗಳು, ಒಳಗೆ ಹುದುಗಿದ ಕಣಗಳು ಕಂಡರೆ ಎಣ್ಣೆ ಕೊಳಕು. ತಾಮ್ರದ ಬಣ್ಣ ಕಂಡಿತೆಂದರೆ ಅದರ ಕಾಲ ಮುಗಿಯಿತು.

ಡೀಸೆಲ್ ಪಂಪ್ ಇಳಿಸುವ ಮೊದಲು ಅದರ ಕಿವಿಗೂ ಬ್ಲಾಕಿಗೂ ಸೇರಿ ಒಂದು ಗೀರು ಹಾಕಿ. ಕೆಳಗೆ ತೆಳು ತಗಡಿನ ಶಿಮ್‌ಗಳಿದ್ದರೆ ಎಣಿಸಿ, ಕಟ್ಟಿ, ಚೀಟಿ ಅಂಟಿಸಿ. ಒಂದು ಹೆಚ್ಚುಕಮ್ಮಿಯಾದರೂ ಡೀಸೆಲ್ ಸಿಡಿಯುವ ಹೊತ್ತು ಬದಲಾಗುತ್ತದೆ. ಪೈಪ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ವೇಸ್ಟ್ ಬಟ್ಟೆ ತುರುಕಬೇಡಿ, ಅದರ ನೂಲು ನಾಜಲ್ಲಿಗೆ ಹೋಗುತ್ತದೆ. ಟೈಮಿಂಗ್ ಗೇರುಗಳ ಗುರುತು ಒಂದು ಸುತ್ತಿಗೆ ಕೂಡದಿದ್ದರೆ ಗಾಬರಿ ಬೇಡ. ನಡುವೆ ಐಡ್ಲರ್ ಗೇರ್ ಇರುವ ಎಂಜಿನ್‌ಗಳಲ್ಲಿ ಎಲ್ಲ ಗುರುತುಗಳೂ ಒಟ್ಟಿಗೆ ಬರಲು ಹಲವು ಸುತ್ತು ಬೇಕು.

ಇನ್ನು ಲೇತ್ ಅಂಗಡಿ. ‘ಗ್ರೈಂಡಿಂಗ್ ಆಗಿದೆ, ಒಯ್ಯಿರಿ’ ಎನ್ನುವ ಬಾಯಿಮಾತಿನ ವ್ಯವಹಾರ ನಿಲ್ಲಬೇಕು. ಪ್ರತಿ ಜರ್ನಲ್ಲಿನ ಅಳತೆ, 0.25, 0.50 ಅಥವಾ 0.75 ಮಿ.ಮೀ. ಇವುಗಳಲ್ಲಿ ಯಾವ ಸೈಜಿಗೆ ಇಳಿಸಿದರು, ಹೆಡ್‌ನಿಂದ ಎಷ್ಟು ತೆಗೆದರು, ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಗಾಡಿ ಮಾಲೀಕರ ಹಕ್ಕು. ಐಟಿಐಗಳೂ ಬೋರ್ ಗೇಜ್, ಮೈಕ್ರೋಮೀಟರುಗಳನ್ನು ಬೀರುವಿನಿಂದ ತೆಗೆದು ಹುಡುಗರ ಕೈಗೆ ಕೊಡಲಿ. ಜರ್ನಲ್ಲಿನ ಅಂಚು ಚೂಪಾಗಿ ಕಡಿದಂತೆ ಬಂದಿದ್ದರೆ ಆ ಕ್ರ್ಯಾಂಕನ್ನು ವಾಪಸು ಕಳಿಸಿ. ಅಲ್ಲಿ ದುಂಡನೆಯ ತಿರುವು ಉಳಿಯದಿದ್ದರೆ ಕೆಸರು ಗದ್ದೆಯ ಭಾರಕ್ಕೆ ಅದು ಅಲ್ಲಿಂದಲೇ ತುಂಡಾಗುತ್ತದೆ.

— ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು, ಗಂಗಾವತಿ, ಕೊಪ್ಪಳ ಜಿಲ್ಲೆ