ಎಫ್‌ಬಿಐ ಕೆಲಸದ ಬಗ್ಗೆ ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಸೈನ್ಸ್, ಕೆಮಿಸ್ಟ್ರಿ ಓದಿದ ಮಕ್ಕಳು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಸೇರಬಹುದಾ ಅಂತ ನಿನ್ನೆ ಇಲ್ಲಿ ಕೇಳಿದ್ದಿರಿ. ಖಂಡಿತ ಸೇರಬಹುದು. ಲಾ ಓದಿರಲೇಬೇಕು ಅನ್ನೋದು ಸುಮ್ನೆ ಹಬ್ಬಿದ ಮಾತು.

ಸ್ಪೆಷಲ್ ಏಜೆಂಟ್ (ಬಂದೂಕು ಹಿಡಿದು ತನಿಖೆ ಮಾಡುವ ಅಧಿಕಾರಿ) ಆಗಲು ಅಮೆರಿಕದ ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು. ವಯಸ್ಸು 23ರಿಂದ 36. ಡಿಗ್ರಿ ಜೊತೆ 2 ವರ್ಷ ಕೆಲಸ ಮಾಡಿರಬೇಕು. ಮಾಸ್ಟರ್ಸ್ ಆಗಿದ್ದರೆ 1 ವರ್ಷ ಸಾಕು. ಓಟ, ಪುಷ್‌ಅಪ್ ಪರೀಕ್ಷೆಯೂ ಇದೆ. ಕುರ್ಚಿ ಬಿಟ್ಟು ಏಳದ ನಮ್ಮ ಕೋಡಿಂಗ್ ಹುಡುಗರು ಈಗಲೇ ಓಡಲು ಶುರು ಮಾಡಲಿ!

ಹಿನ್ನೆಲೆ ತನಿಖೆ ತಿಂಗಳುಗಟ್ಟಲೆ ನಡೆಯುತ್ತದೆ, ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಕೂಡ ಉಂಟು. ಹಳೇ ತಪ್ಪಿದ್ದರೆ ಮುಚ್ಚಿಡಬೇಡಿ, ಸುಳ್ಳೇ ಜಾಸ್ತಿ ಮುಳುಗಿಸುತ್ತದೆ.

ಬಂದೂಕು ಬೇಡ ಅನ್ನುವವರಿಗೆ ವರ್ಜೀನಿಯಾದ ಕ್ವಾಂಟಿಕೋದಲ್ಲಿ ಎಫ್‌ಬಿಐನದೇ ಲ್ಯಾಬ್ ಇದೆ. ಡಿಎನ್‌ಎ, ಬೆರಳಚ್ಚು ಪರೀಕ್ಷೆ ನಡೆಯುವುದು ಅಲ್ಲೇ. ಅದಕ್ಕೆ ಏಜೆಂಟ್ ಆಗಬೇಕಿಲ್ಲ.